ಒಡೆತನಕ್ಕೂ ಪರಿಮಾಣವುಂಟೆ?

ಬೆಳಕು ಹರಿಯುವ ಮೊದಲೇ ದಿನಪತ್ರಿಕೆಗಳ ಕಟ್ಟುಗಳು ತುಮಕೂರು, ಗುಬ್ಬಿ, ಕುಣಿಗಲ್ ಪಟ್ಟಣಗಳಿಗೆ ಬಂದು ಬೀಳುತ್ತವೆ. ಪೇಟೆಯ ವರ್ತಕರು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಪತ್ರಿಕೆ ಕೈಯಲ್ಲಿರುತ್ತದೆ. ಕೊಬ್ಬರಿಯ ಧಾರಣೆ, ಹೇಮಾವತಿ ನಾಲೆಯ ನೀರು, ನಿಧನವಾರ್ತೆ: ಕಣ್ಣು ಮೊದಲು ಹರಿಯುವುದು ಇವುಗಳ ಮೇಲೆ. ಪುಟದ ಅಡಿಯಲ್ಲೆಲ್ಲೋ ಸಣ್ಣ ಅಕ್ಷರಗಳಲ್ಲಿ ಮುದ್ರಕರು ಯಾರು, ಪ್ರಕಾಶಕರು ಯಾರು, ಯಾವ ಸಂಸ್ಥೆಯ ಪರವಾಗಿ ಪತ್ರಿಕೆ ಹೊರಡುತ್ತಿದೆ ಎಂದು ತಿಳಿಸುವ ಒಂದು ಸಾಲು ಇರುತ್ತದೆ. ಅದನ್ನು ಓದುವವರು ವಿರಳ.

2006ರಲ್ಲಿ ಅಂಥದೊಂದು ಸಾಲು ಬದಲಾಯಿತು. ಲಾರಿ ಸಾರಿಗೆಯ ಉದ್ಯಮಿ ವಿಜಯ ಸಂಕೇಶ್ವರರು 1999ರಲ್ಲಿ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಕನ್ನಡದ ಅತ್ಯಧಿಕ ಪ್ರಸಾರದ ದಿನಪತ್ರಿಕೆಯಾಗಿ ಬೆಳೆಸಿದ 'ವಿಜಯ ಕರ್ನಾಟಕ'ವನ್ನು ಬೆನೆಟ್ ಕೋಲ್ಮನ್ ಸಂಸ್ಥೆ, ಅಂದರೆ 'ಟೈಮ್ಸ್ ಆಫ್ ಇಂಡಿಯಾ'ದ ಒಡೆಯರು, ಕೊಂಡುಕೊಂಡರು. ಅದರೊಡನೆ 'ಉಷಾಕಿರಣ' ಎಂಬ ಮತ್ತೊಂದು ಕನ್ನಡ ಪತ್ರಿಕೆಯೂ 'ವಿಜಯ್ ಟೈಮ್ಸ್' ಎಂಬ ಇಂಗ್ಲಿಷ್ ಪತ್ರಿಕೆಯೂ ಅದೇ ಕೈಗೆ ಹೋದವು. ಗುಬ್ಬಿಯ ಓದುಗನಿಗೆ ಮರುದಿನ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅದೇ ಶಿರೋನಾಮೆ, ಪತ್ರಿಕೆ ಹಾಕುವ ಅದೇ ಹುಡುಗ. ಆದರೆ ಉಷಾಕಿರಣ ಕಾಲಕ್ರಮದಲ್ಲಿ ಕಣ್ಮರೆಯಾಯಿತು. ಟೈಮ್ಸ್ ಹೆಸರಿನದೇ ಒಂದು ಕನ್ನಡ ಪತ್ರಿಕೆ ಹೊರಟು, 2010ರಲ್ಲಿ ಅದೂ ನಿಂತಿತು. ವಿಜಯ್ ಟೈಮ್ಸ್ ಹೆಸರೂ ಉಳಿಯಲಿಲ್ಲ. ಒಂದು ಪತ್ರಿಕೆ ಹುಟ್ಟುವುದೂ ಸಾಯುವುದೂ ದೂರದ ಒಂದು ಲೆಕ್ಕಪುಸ್ತಕದಲ್ಲಿ ನಿರ್ಣಯವಾಗತೊಡಗಿತ್ತು.

ಈ ವಿಷಯ ಜೈನ ಸಮಾಜಕ್ಕೆ ಅನ್ಯವಾದುದಲ್ಲ. ಆ ಲೆಕ್ಕಪುಸ್ತಕ ಒಂದು ಜೈನ ಮನೆತನದ್ದು. ಅದೂ ಸಾಮಾನ್ಯ ಮನೆತನವಲ್ಲ. ಸಾಹು ಶಾಂತಿಪ್ರಸಾದ ಜೈನರು 1944ರಲ್ಲಿ ಸ್ಥಾಪಿಸಿದ ಭಾರತೀಯ ಜ್ಞಾನಪೀಠಕ್ಕೆ ಕರ್ನಾಟಕದ ಶ್ರಾವಕರು ಸಲ್ಲಿಸಬೇಕಾದ ಋಣ ದೊಡ್ಡದು. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ತಾಡವಾಲೆಯಲ್ಲಿಯೇ ಉಳಿದಿದ್ದ 'ಮಹಾಬಂಧ' 1947ರಿಂದ ಅಚ್ಚಾಗಿ ಬಂದದ್ದು ಈ ಸಂಸ್ಥೆಯಿಂದ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ನಾಡಿನ ಭಂಡಾರಗಳನ್ನು ಹುಡುಕಿ ಸಿದ್ಧಪಡಿಸಿದ ತಾಡಪತ್ರೀಯ ಗ್ರಂಥಸೂಚಿಯನ್ನು 1948ರಲ್ಲಿ ಪ್ರಕಟಿಸಿದ್ದೂ ಇದೇ ಸಂಸ್ಥೆ. ಜ್ಞಾನಪೀಠ ಪ್ರಶಸ್ತಿ ಕನ್ನಡಕ್ಕೆ ಎಂಟು ಬಾರಿ ಬಂದುದನ್ನು ಬಲ್ಲದವರಿಲ್ಲ. ಅದೇ ಸಂಸ್ಥೆಯ ಮೂರ್ತಿದೇವಿ ಪ್ರಶಸ್ತಿಯ ಮೊದಲ ಗೌರವ 1983ರಲ್ಲಿ ಸಿ. ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲಾದೇವಿ'ಗೆ ಸಂದಿತೆಂಬುದನ್ನು ಬಲ್ಲವರು ಅಷ್ಟಿಲ್ಲ. ಸಂಸ್ಥೆಯ ಮೊದಲ ಅಧ್ಯಕ್ಷೆಯಾಗಿದ್ದ ರಮಾ ಜೈನರ ಹೆಸರನ್ನು ವಿದ್ವಾಂಸರು ಇಂದಿಗೂ ಆದರದಿಂದ ನೆನೆಯುತ್ತಾರೆ. ಬಸದಿಯ ಟ್ರಸ್ಟುಗಳ ಕಪಾಟುಗಳಲ್ಲಿರುವ ಆಗಮ ಗ್ರಂಥಗಳನ್ನು ತಿರುವಿದರೆ ಆ ಹೆಸರುಗಳು ಕಣ್ಣಿಗೆ ಬೀಳುತ್ತವೆ.

ಆದಕಾರಣವೇ ನಾಲಿಗೆ ತಡವರಿಸುತ್ತದೆ. ಪತ್ರಿಕೆಗಳ ಒಡೆತನ ಕೆಲವೇ ಮನೆತನಗಳಲ್ಲಿ ಸೇರಿಕೊಳ್ಳುವುದು ಸರಿಯೆ ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ, ಶಾಸ್ತ್ರದಾನ ಮಾಡಿದ ಮನೆಯನ್ನು ಕುರಿತು ಹೀಗೆ ಕೇಳುವುದೆ ಎಂಬ ಉತ್ತರ ಕೂಡಲೇ ಬರುತ್ತದೆ. ದಾನವೂ ವ್ಯವಹಾರವೂ ಒಂದೇ ಕೈಯಿಂದ ನಡೆದಾಗ ಒಂದರ ಪುಣ್ಯ ಇನ್ನೊಂದರ ಲೆಕ್ಕಕ್ಕೆ ಜಮೆಯಾಗುತ್ತದೆಂದು ಯಾವ ಆಚಾರ್ಯರೂ ಹೇಳಿಲ್ಲ. ಕರ್ಮಸಿದ್ಧಾಂತದಲ್ಲಿ ಅಂಥ ವರ್ಗಾವಣೆಗೆ ಎಡೆಯೇ ಇಲ್ಲ.

ಮನೆತನಕ್ಕೆ ಪತ್ರಿಕೆ ಬಂದ ದಾರಿಯನ್ನೂ ಇಲ್ಲಿ ನೆನೆಯಬೇಕು. ಬ್ರಿಟಿಷರ ಕೈಯಲ್ಲಿದ್ದ ಬೆನೆಟ್ ಕೋಲ್ಮನ್ ಸಂಸ್ಥೆಯನ್ನು 1946ರಲ್ಲಿ ಕೊಂಡವರು ರಾಮಕೃಷ್ಣ ದಾಲ್ಮಿಯಾ, ಶಾಂತಿಪ್ರಸಾದ ಜೈನರ ಮಾವ. ದಾಲ್ಮಿಯಾ ಅವರ ಹಿಡಿತದಲ್ಲಿದ್ದ ಭಾರತ್ ಇನ್ಶೂರೆನ್ಸ್ ಕಂಪೆನಿಯಲ್ಲಿ ಪಾಲಿಸಿದಾರರ ಹಣ ಹೇಗೆ ಬಳಕೆಯಾಯಿತೆಂಬುದನ್ನು 1955ರಲ್ಲಿ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಬಿಚ್ಚಿಟ್ಟರು. ದಾಲ್ಮಿಯಾ ಅವರು ಆ ಸಂಬಂಧದ ಮೊಕದ್ದಮೆಯಲ್ಲಿ ಸೆರೆವಾಸ ಅನುಭವಿಸಿದರು. ದಾಲ್ಮಿಯಾ–ಜೈನ್ ಕಂಪೆನಿಗಳ ವ್ಯವಹಾರವನ್ನು ಪರಿಶೀಲಿಸಲು 1956ರಲ್ಲಿ ನೇಮಕವಾದ ಆಯೋಗದ ನೇತೃತ್ವವನ್ನು ಮುಂದೆ ನ್ಯಾಯಮೂರ್ತಿ ವಿವಿಯನ್ ಬೋಸ್ ವಹಿಸಿದರು. 1969ರಲ್ಲಿ ಬೊಂಬಾಯಿ ಹೈಕೋರ್ಟಿನ ಆದೇಶದಂತೆ ಸಂಸ್ಥೆಯ ಆಡಳಿತ ಮಂಡಲಿಯೇ ಪುನಾರಚನೆಗೊಂಡು, ಸರ್ಕಾರದ ನಾಮನಿರ್ದೇಶಿತರೂ ಅದರೊಳಗೆ ಬಂದರು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಹಿಡಿತ ಮತ್ತೆ ಮನೆತನಕ್ಕೆ ಮರಳಿತು. ಯಾರನ್ನೂ ಅವಮಾನಿಸುವುದು ಇದನ್ನು ಹೇಳುವ ಉದ್ದೇಶವಲ್ಲ. ಮಹಾಬಂಧದ ಪ್ರಕಟಣೆಯ ಕಥೆ ಹೇಳುವ ಪುಟದಲ್ಲಿಯೇ ಈ ಕಥೆಗೂ ಸ್ಥಳವಿರಬೇಕು, ಅಷ್ಟೆ.

ಆಮೇಲಿನ ಬೆಳವಣಿಗೆ ಬಹುಮಂದಿಗೆ ಗೊತ್ತಿರುವಂಥದು. ಇಂದೂ ಜೈನರು 1999ರಿಂದ 2021ರಲ್ಲಿ ನಿಧನರಾಗುವವರೆಗೆ ಅಧ್ಯಕ್ಷರಾಗಿದ್ದರು. ವ್ಯವಹಾರದ ಚುಕ್ಕಾಣಿ ಅವರ ಪುತ್ರರಾದ ಸಮೀರ್ ಮತ್ತು ವಿನೀತ್ ಅವರ ಕೈಯಲ್ಲಿತ್ತು. ಇಂಗ್ಲಿಷ್ ದಿನಪತ್ರಿಕೆ, ವಾಣಿಜ್ಯ ಪತ್ರಿಕೆ, ಕನ್ನಡ ದಿನಪತ್ರಿಕೆ, ಸುದ್ದಿವಾಹಿನಿ, ರೇಡಿಯೋ ಮಿರ್ಚಿ: ಬೆಂಗಳೂರಿನಲ್ಲಿರುವ ತುಮಕೂರಿನ ಒಬ್ಬ ನೌಕರ ಬೆಳಗಿನಿಂದ ರಾತ್ರಿಯವರೆಗೆ ಕಣ್ಣಿಂದ ಓದಿದ್ದೂ ಕಿವಿಯಿಂದ ಕೇಳಿದ್ದೂ ಒಂದೇ ಮನೆಯ ಸರಕಾಗಿರಬಹುದಾದ ಕಾಲವದು. 2012ರಲ್ಲಿ ಅಮೆರಿಕದ ಒಂದು ಪತ್ರಿಕೆಗೆ ಮಾತನಾಡುತ್ತ ವಿನೀತ್ ಜೈನರು, ತಮ್ಮದು ಪತ್ರಿಕೆಯ ವ್ಯವಹಾರವಲ್ಲ, ಜಾಹೀರಾತಿನ ವ್ಯವಹಾರ ಎಂಬ ಅರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರಾಮಾಣಿಕವಾದ ಮಾತು. ಆದರೆ ಓದುಗ ಹಣ ಕೊಟ್ಟು ಕೊಳ್ಳುವಾಗ ಅದನ್ನು ಪತ್ರಿಕೆಯೆಂದೇ ಕೊಳ್ಳುತ್ತಾನೆ.

ಒಂದೇ ಮನೆತನವನ್ನು ಎತ್ತಿ ಹೇಳಿದರೆ ಅನ್ಯಾಯವಾದೀತು. ಕರ್ನಾಟಕದಲ್ಲಿ ಕುಟುಂಬದ ಒಡೆತನವಿಲ್ಲದ ದೊಡ್ಡ ಪತ್ರಿಕೆಯನ್ನು ಹುಡುಕುವುದೇ ಕಷ್ಟ. ಪ್ರಜಾವಾಣಿ 1948ರಲ್ಲಿ ಕೆ. ಎನ್. ಗುರುಸ್ವಾಮಿಯವರಿಂದ ಸ್ಥಾಪಿತವಾಯಿತು, ಉದಯವಾಣಿ 1970ರಲ್ಲಿ ಮಣಿಪಾಲದ ಪೈ ಮನೆತನದಿಂದ ಬಂತು, ಸಂಯುಕ್ತ ಕರ್ನಾಟಕವೊಂದು ಲೋಕಶಿಕ್ಷಣ ಟ್ರಸ್ಟಿನದು. ಉದಯ ಟಿವಿಯ ಒಡೆಯರು ಚೆನ್ನೈನ ಮಾರನ್ ಕುಟುಂಬ. 2007ರಲ್ಲಿ ಬಂದ ಕಸ್ತೂರಿ ವಾಹಿನಿ ಎಚ್. ಡಿ. ಕುಮಾರಸ್ವಾಮಿಯವರ ಕುಟುಂಬದ್ದು. ಸಂಕೇಶ್ವರರೇ 2012ರಲ್ಲಿ 'ವಿಜಯವಾಣಿ'ಯೊಂದಿಗೆ ಮರಳಿದರು. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಸಂಸ್ಥೆಗಳ ಮಾಧ್ಯಮ ವ್ಯವಹಾರಗಳು ಒಂದಾದಾಗ, ಅದುವರೆಗೆ ಪರಸ್ಪರ ಪೈಪೋಟಿ ನಡೆಸುತ್ತಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಸೂರಿನಡಿ ಬಂದವು. ಸಂಜೆಯ ಧಾರಾವಾಹಿ ನೋಡುವ ಮನೆಗಳಲ್ಲಿ ಅದು ಚರ್ಚೆಯಾದಂತೆ ಕಾಣಲಿಲ್ಲ.

ಕುಟುಂಬದ ಒಡೆತನ ತಾನಾಗಿಯೇ ದೋಷವೆಂದು ಹೇಳುವಂತೆಯೂ ಇಲ್ಲ. ಅದಕ್ಕೆ ಗುಬ್ಬಿಗಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪೆನಿ ವೀರಣ್ಣನವರ ಕೈಗೆ ಬಂದಮೇಲೆ ಅದು ಕೇವಲ ನಾಟಕ ಮಂಡಳಿಯಾಗಿ ಉಳಿಯಲಿಲ್ಲ. ಕಂಪೆನಿಗೆ ಶಾಖೆಗಳಾದವು, ಮೂಕಿಚಿತ್ರ ತಯಾರಾಯಿತು, ಚಿತ್ರಮಂದಿರಗಳು ಬಂದವು. 1954ರ 'ಬೇಡರ ಕಣ್ಣಪ್ಪ'ದ ಹಿಂದೆಯೂ ಗುಬ್ಬಿಯ ಹೆಸರಿತ್ತು. ಮನೆಯವರೇ ನಟರು, ಮನೆಯವರೇ ವ್ಯವಸ್ಥಾಪಕರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಮಾಧ್ಯಮ ಸಮೂಹವೇ. ಆದರೆ ಒಡೆಯರು ಯಾರೆಂದು ಪ್ರೇಕ್ಷಕನಿಗೆ ತಿಳಿದಿತ್ತು. ವೀರಣ್ಣನವರು ತಾವೇ ಬಣ್ಣ ಹಚ್ಚಿ ರಂಗಕ್ಕೆ ಬರುತ್ತಿದ್ದರು, ಆಟ ಚೆನ್ನಾಗಿಲ್ಲದಿದ್ದರೆ ಜನ ಅವರ ಎದುರಿಗೇ ಹೇಳಬಹುದಿತ್ತು. ನಾಟಕವನ್ನು ನಾಟಕವೆಂದೇ ಮಾರಿದರು.

ಹಾಗಾದರೆ ಎಲ್ಲಿಂದ ದೋಷ ಆರಂಭವಾಗುತ್ತದೆ? ಸರ್ಕಾರ ಇದಕ್ಕೆ ಉತ್ತರ ಹುಡುಕಲು ಹಲವು ಬಾರಿ ಯತ್ನಿಸಿತು. ಪುಟಗಳ ಸಂಖ್ಯೆಗೆ ತಕ್ಕಂತೆ ಬೆಲೆಯನ್ನು ನಿಗದಿಗೊಳಿಸಿ ಸಣ್ಣ ಪತ್ರಿಕೆಗಳನ್ನು ಉಳಿಸುವ ಕ್ರಮವನ್ನು 1961ರಲ್ಲಿ ಪುಣೆಯ 'ಸಕಾಳ್' ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರದ್ದುಗೊಳಿಸಿತು. ಹತ್ತು ಪುಟಗಳ ಮಿತಿ, ಒಂದೇ ಒಡೆತನದಲ್ಲಿ ಹಲವು ಪತ್ರಿಕೆಗಳಿದ್ದರೆ ಹೊಸದನ್ನು ಆರಂಭಿಸಬಾರದೆಂಬ ನಿರ್ಬಂಧ, ಇವುಗಳನ್ನೊಳಗೊಂಡ ಮುದ್ರಣ ಕಾಗದದ ನೀತಿಯೂ 1972ರಲ್ಲಿ ಬಿದ್ದುಹೋಯಿತು. ಆ ಮೊಕದ್ದಮೆಯ ಹೆಸರೇ ಬೆನೆಟ್ ಕೋಲ್ಮನ್. ಪೀಠದಲ್ಲಿ ಭಿನ್ನಾಭಿಪ್ರಾಯ ಬರೆದವರು ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಒಬ್ಬರೇ. ವಾಕ್ ಸ್ವಾತಂತ್ರ್ಯವೆಂಬುದು ಮುದ್ರಣಯಂತ್ರ ಉಳ್ಳವರ ಸ್ವಾತಂತ್ರ್ಯ ಮಾತ್ರವಲ್ಲ, ಭಿನ್ನ ಭಿನ್ನ ಮಾತುಗಳನ್ನು ಕೇಳುವ ಜನರ ಹಕ್ಕೂ ಹೌದೆಂಬುದು ಅವರ ವಾದದ ತಿರುಳು. ಅವರೇ ಮುಂದೆ ಎರಡನೆಯ ಪತ್ರಿಕಾ ಆಯೋಗದ ಅಧ್ಯಕ್ಷರಾದಾಗ, ಪತ್ರಿಕೆಗಳನ್ನು ಇತರ ಉದ್ಯಮಗಳ ಹಿಡಿತದಿಂದ ಬೇರ್ಪಡಿಸಬೇಕೆಂದು ಆಯೋಗ 1982ರಲ್ಲಿ ಶಿಫಾರಸು ಮಾಡಿತು. 2014ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಒಂದೇ ಭಾಷೆಯ ಮಾರುಕಟ್ಟೆಯಲ್ಲಿ ಪತ್ರಿಕೆಯನ್ನೂ ವಾಹಿನಿಯನ್ನೂ ಒಬ್ಬರೇ ಆಳುವುದಕ್ಕೆ ಮಿತಿ ಹಾಕಬೇಕೆಂದಿತು. ಇವು ಯಾವುವೂ ಶಾಸನವಾಗಲಿಲ್ಲ.

ಸರ್ಕಾರದ ಕೈಗೆ ಅಳತೆಗೋಲು ಕೊಡಲು ನ್ಯಾಯಾಲಯ ಹಿಂಜರಿದುದನ್ನು ತಪ್ಪೆನ್ನಲಾಗದು. 1972ರ ತೀರ್ಪಿನ ಮೂರು ವರ್ಷಗಳೊಳಗೆ ತುರ್ತುಪರಿಸ್ಥಿತಿ ಬಂತು. ಒಡೆಯನಿಗೆ ಮಿತಿ ಹಾಕಬಲ್ಲ ಕೈ ಸಂಪಾದಕನ ಬಾಯಿಗೂ ಬೀಗ ಹಾಕಬಲ್ಲದೆಂಬುದನ್ನು ದೇಶ ಕಂಡಿತು. ದೊಡ್ಡ ಸಂಸ್ಥೆ ಸರ್ಕಾರದ ಜಾಹೀರಾತಿಗೆ ಕೈಚಾಚದೆ ನಿಲ್ಲಬಲ್ಲದು, ಸಣ್ಣ ಪತ್ರಿಕೆಗೆ ಆ ಬಲವಿಲ್ಲ ಎಂಬ ವಾದದಲ್ಲಿಯೂ ಹುರುಳಿದೆ. ಜಿಲ್ಲಾ ಕೇಂದ್ರದ ಸಣ್ಣ ಪತ್ರಿಕೆಗಳ ಬಡತನವನ್ನು ಕಂಡವರು ಇದನ್ನು ತಳ್ಳಿಹಾಕಲಾರರು.

ಶಾಸನ ಸೋತಲ್ಲಿ ವ್ರತದ ಮಾತು ಬರುತ್ತದೆ. ಶ್ರಾವಕನ ಐದನೆಯ ಅಣುವ್ರತ ಸಂಪತ್ತನ್ನು ನಿಷೇಧಿಸುವುದಿಲ್ಲ, ಪರಿಮಾಣವನ್ನು ಬೇಡುತ್ತದೆ. ಕ್ಷೇತ್ರ–ವಾಸ್ತು, ಹಿರಣ್ಯ–ಸುವರ್ಣ, ಧನ–ಧಾನ್ಯ ಎಂದು ಸೂತ್ರಕಾರರು ಎಣಿಸಿದ ಬಾಹ್ಯ ಪರಿಗ್ರಹಗಳ ಪಟ್ಟಿಯಲ್ಲಿ ಪತ್ರಿಕೆಯಿಲ್ಲ, ಇರುವಂತೆಯೂ ಇಲ್ಲ. ಆದರೆ ಹೊಲವನ್ನು ಅಳೆಯುವ ಗೃಹಸ್ಥ, ಲಕ್ಷಾಂತರ ಮನಸ್ಸುಗಳ ಮೇಲೆ ತನಗಿರುವ ಅಧಿಕಾರವನ್ನು ಅಳೆಯದೆ ಬಿಡಬಹುದೆ? ಹೊಲಕ್ಕೆ ಬದುವಾದರೂ ಇದೆ, ಈ ಒಡೆತನಕ್ಕೆ ಕಣ್ಣಿಗೆ ಕಾಣುವ ಬದುವೇ ಇಲ್ಲವಾದುದರಿಂದ ಪರಿಮಾಣದ ಅಗತ್ಯ ಇಲ್ಲಿಯೇ ಹೆಚ್ಚು.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಈ ವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ಅತಿಸಂಗ್ರಹವೂ ಅತಿಲೋಭವೂ ಇರುವುದು ಸಹಜವೇ. ಅವುಗಳ ನಡುವೆ ಅತಿವಿಸ್ಮಯ ಎಂಬ ಇನ್ನೊಂದಿದೆ: ಪರರ ಐಶ್ವರ್ಯವನ್ನೋ ಲಾಭವನ್ನೋ ಕಂಡು ಅತಿಯಾಗಿ ಬೆರಗಾಗುವುದು. ಗಳಿಸಿದವನ ದೋಷಕ್ಕೆ ಪಕ್ಕದಲ್ಲಿಯೇ ನೋಡಿ ನಿಬ್ಬೆರಗಾದವನ ದೋಷವನ್ನೂ ಆಚಾರ್ಯರು ಇಟ್ಟರು. ದೊಡ್ಡ ಮನೆತನಗಳ ಹೆಸರು ಬಂದೊಡನೆ ಸಭೆಗಳು ಮೌನವಾಗುವುದನ್ನು ಕೃತಜ್ಞತೆಯೆಂದು ಕರೆಯುವ ಮೊದಲು ಈ ಶಬ್ದವನ್ನು ಒಮ್ಮೆ ನೆನೆಯುವುದು ಒಳಿತು.

ಇನ್ನು ಸತ್ಯ ಮತ್ತು ಅಚೌರ್ಯ. 2003ರಲ್ಲಿ ಟೈಮ್ಸ್ ಸಂಸ್ಥೆ 'ಮೀಡಿಯಾನೆಟ್' ಎಂಬ ವ್ಯವಸ್ಥೆಯನ್ನು ತಂದು, ಪುರವಣಿಗಳಲ್ಲಿ ಹಣ ಕೊಟ್ಟವರ ಕುರಿತ ಬರಹಕ್ಕೆ ದಾರಿ ಮಾಡಿತು. ಮುಂದೆ, ಜಾಹೀರಾತಿನ ಸ್ಥಳಕ್ಕೆ ಪ್ರತಿಯಾಗಿ ಕಂಪೆನಿಗಳಲ್ಲಿ ಪಾಲು ಪಡೆಯುವ ಒಪ್ಪಂದಗಳು ಬಂದವು. ತಾನು ಪಾಲುದಾರನಾದ ಕಂಪೆನಿಯ ಸುದ್ದಿಯನ್ನು ಪತ್ರಿಕೆ ಹೇಗೆ ಬರೆದೀತು ಎಂದು ಷೇರುಪೇಟೆಯ ನಿಯಂತ್ರಕರಾದ ಸೆಬಿಯೇ 2009ರಲ್ಲಿ ಪತ್ರಿಕಾ ಮಂಡಳಿಗೆ ಆತಂಕ ವ್ಯಕ್ತಪಡಿಸಿತು. ಚುನಾವಣೆಗಳಲ್ಲಿ ಹಣಕ್ಕೆ ಸುದ್ದಿ ಮಾರುವ ಪಿಡುಗು ಒಂದು ಸಂಸ್ಥೆಗೆ ಸೀಮಿತವಲ್ಲವೆಂಬುದು 2010ರಲ್ಲಿ ಪತ್ರಿಕಾ ಮಂಡಳಿಯ ಉಪಸಮಿತಿಯ ವರದಿಯಿಂದ ತಿಳಿಯಿತು. ತತ್ತ್ವಾರ್ಥಸೂತ್ರ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಹೆಸರಿಸುತ್ತದೆ. ಅಚೌರ್ಯದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಒಂದರ ಹೆಸರಿನಲ್ಲಿ ಅದರಂತೆಯೇ ತೋರುವ ಇನ್ನೊಂದನ್ನು ಮಾರುವುದನ್ನು. ತುಪ್ಪವೆಂದು ಬೇರೆ ಕೊಬ್ಬನ್ನು ಮಾರುವ ವರ್ತಕನನ್ನು ಕಣ್ಣಮುಂದಿಟ್ಟುಕೊಂಡು ವ್ಯಾಖ್ಯಾನಿಸುತ್ತ ಬಂದ ಮಾತು ಸುದ್ದಿಯೆಂದು ಜಾಹೀರಾತನ್ನು ಮಾರುವುದಕ್ಕೂ ಹೀಗೆ ಹೊಂದುತ್ತದೆ.

ಪತ್ರಿಕೆಗಳು ಹಲವಾಗಿದ್ದರೆ ಸಾಕು, ಅದೇ ಅನೇಕಾಂತ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಸುಲಭದ ಮಾತು. ಹತ್ತು ಶಿರೋನಾಮೆಗಳ ಹಿಂದೆ ಒಬ್ಬನೇ ಒಡೆಯನಿದ್ದರೆ ಅದು ಹತ್ತು ಬಾರಿ ಅಚ್ಚಾದ ಒಂದೇ ನಯ. ಹತ್ತು ಒಡೆಯರಿದ್ದು ಪ್ರತಿಯೊಬ್ಬರೂ ತಮ್ಮ ಮಾತೇ ಪೂರ್ಣಸತ್ಯವೆಂದರೆ ಅವೆಲ್ಲ ದುರ್ನಯಗಳು. ಬೇಕಾದುದು ಇನ್ನೊಂದು ಪಕ್ಷಕ್ಕೆ ಎಡೆಕೊಡುವ ನಯಗಳು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಹೇಮಾವತಿ ನಾಲೆಯೇ ಉದಾಹರಣೆ. ಕುಣಿಗಲ್ಲಿಗೆ ನೇರವಾಗಿ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯನ್ನು ವಿರೋಧಿಸಿ 2024ರಲ್ಲಿಯೂ 2025ರಲ್ಲಿಯೂ ತುಮಕೂರು, ಗುಬ್ಬಿ ಭಾಗದ ರೈತರು ಬೀದಿಗಿಳಿದರು. ಕುಣಿಗಲ್ಲಿನವರ ಮಾತು: ಹಂಚಿಕೆಯಾದ ಪಾಲು ನಾಲೆಯ ಕೊನೆಯಲ್ಲಿರುವವರಿಗೆ ಎಂದೂ ಸರಿಯಾಗಿ ತಲಪಿಲ್ಲ. ಗುಬ್ಬಿಯವರ ಮಾತು: ಮೇಲಿನಿಂದಲೇ ನೀರು ಹರಿದುಹೋದರೆ ಇಲ್ಲಿನ ಕೆರೆಗಳ ಗತಿಯೇನು. ಎರಡೂ ಬದುಕಿನ ಪ್ರಶ್ನೆಗಳೇ. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳ ನಡುವಿನ ಇಂಥ ವ್ಯಾಜ್ಯದಲ್ಲಿ ಜಿಲ್ಲೆಯ ಪುಟವನ್ನು ಯಾರು ರೂಪಿಸುತ್ತಾರೆ, ಅವರಿಗೆ ಯಾರ ಹಂಗಿದೆ, ಅದನ್ನು ಒಪ್ಪದ ಇನ್ನೊಂದು ಪುಟ ಊರಿನಲ್ಲಿ ಸಿಗುತ್ತದೆಯೆ ಎಂಬುದು ಬೆಳೆಯ ಪ್ರಶ್ನೆಯೂ ಆಗುತ್ತದೆ. ಹಿಂದೆ ಕೆರೆಗಳ ತೂಬು ತೆಗೆದು ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಹಂಚುವವನಿಗೆ ಯಾವ ಗದ್ದೆಯ ಮೇಲೆ ಹೆಚ್ಚು ಮಮತೆ ಎಂಬುದನ್ನು ಊರು ಗಮನಿಸುತ್ತಿತ್ತು.

ಕೊನೆಗೆ ಬಸದಿಯ ಟ್ರಸ್ಟುಗಳ ವಿಷಯ. ಒಡೆತನದ ದೋಷವನ್ನು ದಿಲ್ಲಿಯಲ್ಲಿ, ಮುಂಬಯಿಯಲ್ಲಿ ಹುಡುಕುವುದು ಸುಲಭ. ತಾಲ್ಲೂಕು ಕೇಂದ್ರಗಳಲ್ಲಿ ವರದಿಗಾರ, ಏಜೆಂಟ, ಜಾಹೀರಾತು ಸಂಗ್ರಾಹಕ ಈ ಮೂವರೂ ಹಲವೆಡೆ ಒಬ್ಬರೇ. ಸಂಸ್ಥೆ ಎಷ್ಟು ದೊಡ್ಡದಾದರೂ ಅವರಿಗೆ ಕೊಡುವ ಸಂಭಾವನೆ ಸಣ್ಣದು. ಜಾಹೀರಾತಿನ ದಲ್ಲಾಳಿ ಹಣವೇ ಜೀವನ. ಅಂಥವರು ಮಹಾವೀರ ಜಯಂತಿಗೆ, ಪಂಚಕಲ್ಯಾಣಕ್ಕೆ ಜಾಹೀರಾತು ಕೇಳಲು ಬರುತ್ತಾರೆ. ಕೊಟ್ಟರೆ ಚಿತ್ರಸಮೇತ ನಾಲ್ಕು ಕಾಲಮ್ಮಿನ ವರದಿ, ಕೊಡದಿದ್ದರೆ ನಾಲ್ಕು ಸಾಲು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಟ್ರಸ್ಟು ಕೊಡುತ್ತದೆ. ಮರುದಿನ ಪುರವಣಿಯಲ್ಲಿ ಕ್ಷೇತ್ರದ ಮಹಿಮೆಯ ಲೇಖನವೊಂದು, ಜಾಹೀರಾತು ಎಂಬ ಶಬ್ದವಿಲ್ಲದೆ, ವರದಿಯ ವೇಷದಲ್ಲಿ ಅಚ್ಚಾಗುತ್ತದೆ. ಓದಿದವರು ಹರ್ಷಿಸುತ್ತಾರೆ. ಪ್ರತಿರೂಪಕ ವ್ಯವಹಾರದಲ್ಲಿ ಮಾರುವವನಷ್ಟೇ ಅಲ್ಲ, ತಿಳಿದು ಕೊಂಡವನೂ ಪಾಲುದಾರನೇ. ಅನುಮೋದನೆಯನ್ನೂ ಕೃತ, ಕಾರಿತಗಳ ಸಾಲಿನಲ್ಲಿಟ್ಟ ಧರ್ಮವಿದು.

ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹನ್ನೆರಡನೆಯ ಶತಮಾನದ ಹೊಯ್ಸಳ ಬಸದಿಯಿದೆ. ಕನ್ನಡ ನಾಡಿನಲ್ಲಿ ಆ ಕಾಲದ ದಾನಶಾಸನಗಳ ರೀತಿಯನ್ನು ಬಲ್ಲವರಿಗೆ ಗೊತ್ತು: ಕೊಟ್ಟವರಾರು, ಪಡೆದವರಾರು, ಎಷ್ಟು ಭೂಮಿ, ಅದರ ಚತುಸ್ಸೀಮೆ ಯಾವುದು, ಎಲ್ಲವನ್ನೂ ಕಲ್ಲಿನಲ್ಲಿ ಕೊರೆದು ಜನ ಓಡಾಡುವಲ್ಲಿಯೇ ನಿಲ್ಲಿಸುತ್ತಿದ್ದರು. ಇಂದಿನ ಟ್ರಸ್ಟುಗಳ ವಾರ್ಷಿಕ ವರದಿಯಲ್ಲಿ ಪತ್ರಿಕೆಗಳಿಗೆ ಕೊಟ್ಟ ಹಣ ಸಾಮಾನ್ಯವಾಗಿ 'ಪ್ರಚಾರ ಹಾಗೂ ಇತರೆ' ಎಂಬ ಒಂದೇ ಬಾಬ್ತಿನಲ್ಲಿ ಅಡಗಿರುತ್ತದೆ. ಯಾವ ಪತ್ರಿಕೆಗೆ, ಯಾವ ದಿನ, ಎಷ್ಟು, ಅಚ್ಚಾದುದು ಜಾಹೀರಾತೆ ವರದಿಯೆ ಎಂದು ಬಿಡಿಸಿ ಬರೆಯಬಹುದು. ಹಣ ಪಡೆದ ಬರಹದ ನೆತ್ತಿಯ ಮೇಲೆ 'ಜಾಹೀರಾತು' ಎಂಬ ಪದ ಇರಬೇಕೆಂದು ಕೊಡುವ ಪತ್ರದಲ್ಲಿಯೇ ಷರತ್ತು ಹಾಕಬಹುದು. ಇಡೀ ಮೊತ್ತ ಒಂದೇ ದೊಡ್ಡ ಸಂಸ್ಥೆಗೆ ಹೋಗದೆ ಜಿಲ್ಲೆಯ ಸಣ್ಣ ಪತ್ರಿಕೆಗಳಿಗೂ ಒಂದು ಪಾಲು ಸಲ್ಲುವಂತೆ ನಿರ್ಣಯಿಸಬಹುದು. ಇಂಥ ಸಲಹೆ ಬಂದಾಗ ಮೊದಲು ಆಕ್ಷೇಪಿಸುವವರು ಪತ್ರಿಕೆಯವರಾಗಿರುವುದಿಲ್ಲ. ತಮ್ಮ ಭಾವಚಿತ್ರ ವರದಿಯೊಳಗೆ ಬರಲೆಂದು ಬಯಸಿದ ದಾನಿಗಳು ಸಭೆಯಲ್ಲಿಯೇ ಕುಳಿತಿರುತ್ತಾರೆ.